ಓದುಗರ ಪ್ರಶ್ನೆ, ಅಕ್ಕನ ಉತ್ತರ: ಕಂತು ಮೊದಲೋ, ಕಾಣಿಕೆ ಮೊದಲೋ?

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ, ಹಾಗಾಗಿ ಕೆಲವನ್ನು ಆರಿಸಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಎಲ್ಲರೂ, ಅದಕ್ಕೇ ಊರು ಮಾತ್ರ ಇದೆ. ಉದ್ದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ಖಾರ ಅನ್ನಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ಅಕ್ಕಾ, ನಮ್ಮದು ಗುಳೇದಗುಡ್ಡ. ಮನೆಯಲ್ಲೇ ಮಗ್ಗ ಇದೆ, ಖಣ ನೇಯುತ್ತೇವೆ. ಮೊದಲಿನ ಹಾಗೆ ಮಜೂರಿ ಸಿಗುತ್ತಿಲ್ಲ. ಮಗಳ ಮದುವೆಗೆ, ಆಮೇಲೆ ಹೆಂಡತಿಯ ಆಪರೇಷನ್‌ಗೆ ಅಂತ ಮೂರು ಕಡೆ ಸಂಘದ ಸಾಲ ತೆಗೆದಿದ್ದೇವೆ. ವಾರದ ಕಂತು ಕಟ್ಟಿದರೆ ಸಂತೆಗೆ ದುಡ್ಡು ಉಳಿಯುವುದಿಲ್ಲ. ನಾವು ಹೋಗುವ ಪ್ರಾರ್ಥನಾ ಕೂಟದ ಸೇವಕರು (ಪಾಸ್ಟರ್), ದಶಮಾಂಶ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲಿನ ಕಾಣಿಕೆ, ನಿಲ್ಲಿಸಿದ್ದಕ್ಕೇ ಮನೆಗೆ ಶಾಪ ತಟ್ಟಿದೆ, ಮೊದಲು ದೇವರ ಪಾಲು ಕೊಡು, ಸಾಲ ತಾನೇ ತೀರುತ್ತದೆ ಅನ್ನುತ್ತಾರೆ. ಕಂತು ಕಟ್ಟಲೋ, ದಶಮಾಂಶ ಕೊಡಲೋ?

ಉತ್ತರ: ತಮ್ಮಾ, ಮೊದಲು ಸಂತೆ ಮಾಡಿ. ಆಮೇಲೆ ಕಂತು. ದಶಮಾಂಶದ ಮಾತು ಅದಾದ ಮೇಲೆ.

ನಿಮ್ಮ ಸೇವಕರು ಓದಿದ್ದು ಬೈಬಲ್‌ನ ಮಲಾಕಿಯ 3ನೇ ಅಧ್ಯಾಯ ಇರಬೇಕು, ದಶಮಾಂಶ ಕೊಡದವರಿಗೆ ಶಾಪ ಅನ್ನುವ ಭಾಗ. ಎಲ್ಲರೂ ಅದನ್ನೇ ಓದುತ್ತಾರೆ. ಧರ್ಮೋಪದೇಶಕಾಂಡ 14ನೇ ಅಧ್ಯಾಯದ ಕೊನೆಯನ್ನು ಮಾತ್ರ ಓದುವವರು ಕಡಿಮೆ. ಅಲ್ಲಿ ಏನಿದೆ ಗೊತ್ತಾ? ಮೂರು ವರ್ಷಕ್ಕೊಮ್ಮೆ ಆ ದಶಮಾಂಶವನ್ನು ಊರಲ್ಲೇ ಇಡಬೇಕು, ದೇವಾಲಯದ ಸೇವೆ ಮಾಡುವ ಲೇವಿ ಕುಲದವರ ಜೊತೆ ಪರದೇಶಿಗಳು, ತಂದೆತಾಯಿ ಇಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆತುಂಬ ಊಟ ಮಾಡಬೇಕು. ಅಂದರೆ ದಶಮಾಂಶ ಇದ್ದದ್ದೇ ಹಸಿದವರನ್ನೂ ಸೇರಿಸಿಕೊಂಡು. ಸಂತೆಗೆ ದುಡ್ಡಿಲ್ಲದ ನೀವು ಆ ಲೆಕ್ಕದಲ್ಲಿ ಕೊಡುವವರ ಸಾಲಿಗಿಂತ ಪಡೆಯುವವರ ಸಾಲಿಗೇ ಹತ್ತಿರ. ನಿಮ್ಮ ಕೂಟ ನಿಮಗೆ ಈ ತಿಂಗಳು ಒಂದು ಚೀಲ ಜೋಳ ಕೊಟ್ಟಿದೆಯಾ? ಅದನ್ನು ಕೇಳಿ.

ಯೇಸುಸ್ವಾಮಿ ಈ ವಿಷಯದಲ್ಲಿ ಸಿಟ್ಟಾಗಿದ್ದೂ ಉಂಟು. ಮಾರ್ಕ 7ನೇ ಅಧ್ಯಾಯ ನೋಡಿ. ತಂದೆತಾಯಿಗೆ ಕೊಡಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದವರಿಗೆ ಆತ ನೇರವಾಗಿಯೇ ಬೈಯುತ್ತಾನೆ, ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ಇಲ್ಲದಂತೆ ಮಾಡಿದ್ದೀರಿ ಅಂತ. ಹೆಂಡತಿಯ ಔಷಧಿ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕಿಸಿಕೊಂಡವರಿಗೂ ಆ ಬೈಗುಳ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಸಾಲದ ಮನೆಗೆ ಬೈಬಲ್‌ನಲ್ಲಿ ಒಂದು ಒಳ್ಳೆಯ ಕಥೆ ಇದೆ, 2 ಅರಸುಗಳು 4ನೇ ಅಧ್ಯಾಯದ ಮೊದಲ ಏಳು ವಚನ. ಗಂಡ ಸತ್ತಿದ್ದಾನೆ, ಸಾಲಗಾರ ಬಂದು ಇಬ್ಬರು ಗಂಡುಮಕ್ಕಳನ್ನು ಆಳಾಗಿ ಎಳೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಆ ತಾಯಿ ಪ್ರವಾದಿ ಎಲೀಷನ ಹತ್ತಿರ ಬಂದು ಗೋಳಾಡುತ್ತಾಳೆ. ಆತ ಕಾಣಿಕೆ ಕೇಳಲಿಲ್ಲ. ಮನೆಯಲ್ಲಿ ಏನಿದೆ ಅಂತ ಕೇಳಿದ. ಒಂದಿಷ್ಟು ಎಣ್ಣೆ ಅಂದಳು. ನೆರೆಹೊರೆಯವರ ಹತ್ತಿರ ಖಾಲಿ ಪಾತ್ರೆ ಕೇಳಿ ತರಿಸಿದ. ಎಣ್ಣೆ ತುಂಬಿದ ಮೇಲೆ ಹೇಳಿದ್ದು ಇಷ್ಟೇ: ಹೋಗಿ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನು ಮಕ್ಕಳು ಬದುಕಿರಿ. ಅಷ್ಟು ದೊಡ್ಡ ಅದ್ಭುತ ಆದ ಮೇಲೂ ನನಗೊಂದು ಪಾಲು ಅನ್ನಲಿಲ್ಲ ಪ್ರವಾದಿ. ಜೊತೆಗೆ ನೋಡಿ, ಪಾತ್ರೆ ಕೇಳಲು ಹೋದಾಗ ಅವಳ ಕಷ್ಟ ಓಣಿಗೆಲ್ಲ ಗೊತ್ತಾಗಿರುತ್ತದೆ. ನಾವು ಸಾಲ ಮುಚ್ಚಿಡುತ್ತೇವೆ, ಮುಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ. ಮೂರು ಸಾಲದ ಚೀಟಿ ತೆಗೆದುಕೊಂಡು ಸಭೆಯಲ್ಲಿ ಬ್ಯಾಂಕಿನ ಕೆಲಸ ಗೊತ್ತಿರುವವರ ಎದುರು ಕುಳಿತುಕೊಳ್ಳಿ.

ಕಾನೂನಿನ ಎರಡು ಮಾತೂ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲ (ಮೈಕ್ರೋಫೈನಾನ್ಸ್) ಕೊಡುವಾಗ ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಶೇ. 50 ಮೀರಬಾರದು. ವಸೂಲಿಯವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನಮ್ಮ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಬಾಗಿಲಲ್ಲಿ ಕುಳಿತು ಮಾನ ಕಳೆಯುವವರ ಮೇಲೆ ಠಾಣೆಯಲ್ಲಿ ದೂರು ಕೊಡಬಹುದು. ಇದು ಸಾಲ ಕಟ್ಟಬೇಡಿ ಅನ್ನುವ ಮಾತಲ್ಲ. ಮನೆ ನಡೆಯುವ ಹಾಗೆ ಕಂತು ಚಿಕ್ಕದು ಮಾಡಿ ಅಂತ ಧೈರ್ಯವಾಗಿ ಕೇಳುವುದಕ್ಕೆ ಹೇಳಿದೆ. ಕೊಡಬೇಕು ಅನ್ನುವ ಮನಸ್ಸು ನಿಮಗಿದೆ, ಅದು ಪತ್ರದಲ್ಲೇ ಕಾಣುತ್ತದೆ. 2 ಕೊರಿಂಥ 8ರಲ್ಲಿ ಪೌಲ ಹೇಳುವುದೂ ಅದೇ, ಮನಸ್ಸಿದ್ದರೆ ಇದ್ದದ್ದರಲ್ಲಿ ಕೊಟ್ಟದ್ದು ಸಾಕು, ಇಲ್ಲದ್ದರ ಲೆಕ್ಕ ದೇವರು ಇಡುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಬೆಳಗಾವಿ ಟಿಳಕವಾಡಿಯವಳು. ಬಿ.ಎಡ್. ಆಗಿದೆ. ಇಲ್ಲೇ ಒಂದು ಶಾಲೆಯಲ್ಲಿ ಕಡಿಮೆ ಪಗಾರಕ್ಕೆ ಕಲಿಸುತ್ತಿದ್ದೇನೆ. ಪುಣೆಯಲ್ಲಿ ಒಂದು ಕಂಪನಿ ಕೆಲಸ ಬಂದಿದೆ. ಅಮ್ಮ ಒಬ್ಬಳೇ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತೇನೆ, ದೇವರ ಚಿತ್ತ ಗೊತ್ತಾಗಲಿ ಅಂತ. ಒಂದು ದಿನ 'ಎದ್ದು ಹೋಗು' ಅಂತ ಬರುತ್ತದೆ, ಮರುದಿನ ಬರೀ ವಂಶಾವಳಿ. ತಲೆ ಕೆಟ್ಟಿದೆ. ಏನು ಮಾಡಲಿ?

ಉತ್ತರ: ತಂಗೀ, ಸಂತೆಯಲ್ಲಿ ಗಿಣಿ ಕೈಯಲ್ಲಿ ಚೀಟಿ ಎತ್ತಿಸುವವನಿಗೂ ನಿನಗೂ ಏನು ವ್ಯತ್ಯಾಸ ಹೇಳು? ನಗಬೇಡ, ನಿಜವಾಗಿಯೇ ಕೇಳುತ್ತಿದ್ದೇನೆ. ಅಲ್ಲಿ ಗಿಣಿ, ಇಲ್ಲಿ ಬೆರಳು.

ಶಿಷ್ಯರು ಚೀಟಿ ಹಾಕಿದ್ದರಲ್ಲ ಅಂತ ನೀನು ಕೇಳಬಹುದು. ಹಾಕಿದ್ದರು, ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸುವಾಗ, ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿ. ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮ ಬಂದ ಮೇಲೆ ಅವರು ಮತ್ತೆ ಚೀಟಿ ಹಾಕಿದ್ದು ಎಲ್ಲೂ ಕಾಣುವುದಿಲ್ಲ. ಆಮೇಲೆ ಅವರು ಮಾಡಿದ್ದು ಏನು ಅಂದರೆ ಕೂತು ಮಾತಾಡಿದ್ದು, ವಾದ ಮಾಡಿದ್ದು, ಹೊರಟದ್ದು, ದಾರಿ ಮುಚ್ಚಿದರೆ ಇನ್ನೊಂದು ಕಡೆ ತಿರುಗಿದ್ದು. 16ನೇ ಅಧ್ಯಾಯ ಓದು. ಪೌಲ ಆಸ್ಯಕ್ಕೆ ಹೋಗಬೇಕೆಂದ, ಆಗಲಿಲ್ಲ. ಬಿಥೂನ್ಯಕ್ಕೆ ಹೊರಟ, ಅದೂ ಆಗಲಿಲ್ಲ. ಸಮುದ್ರದ ದಂಡೆಯ ತ್ರೋವಕ್ಕೆ ಬಂದು ನಿಂತ. ಅಲ್ಲಿ ರಾತ್ರಿ ಮಕೆದೋನ್ಯದವನೊಬ್ಬನ ದರ್ಶನ ಆಯಿತು. ಅಂಥ ದರ್ಶನ ಆದ ಮೇಲೂ 'ನಾವು' ನಿಶ್ಚಯ ಮಾಡಿಕೊಂಡೆವು ಅಂತಿದೆ, 'ಅವನು' ಅಂತಿಲ್ಲ. ಜೊತೆಗಿದ್ದವರೂ ಸೇರಿ ತೀರ್ಮಾನಕ್ಕೆ ಬಂದರು. ನೀನು ಈ ವಿಷಯವನ್ನು ಅಮ್ಮನ ಹತ್ತಿರ ಬಾಯಿಬಿಟ್ಟು ಮಾತಾಡಿದ್ದೀಯಾ? ಪತ್ರದಲ್ಲಿ ಅಮ್ಮ ಒಬ್ಬಳೇ ಅಂತಿದೆ, ಅಮ್ಮ ಏನಂದಳು ಅಂತ ಎಲ್ಲೂ ಇಲ್ಲ.

ನಿಮ್ಮ ಊರಲ್ಲಿ ಜೆಸ್ವಿಟ್ ಫಾದರ್‌ಗಳ ಶಾಲೆ ಇದೆಯಲ್ಲ, ಆ ಸಂಘ ಕಟ್ಟಿದ ಇಗ್ನೇಷಿಯಸ್ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ತೋಪಿನ ಗುಂಡು ಬಿದ್ದು ಕಾಲು ಮುರಿದು ಹಾಸಿಗೆ ಹಿಡಿದ. ಅಲ್ಲಿ ಬೇರೆ ಕೆಲಸ ಇಲ್ಲದೆ ತನ್ನ ಮನಸ್ಸನ್ನೇ ಗಮನಿಸಿದ. ಯಾವ ಯೋಚನೆ ಆ ಕ್ಷಣಕ್ಕೆ ರುಚಿ ಕೊಟ್ಟು ಆಮೇಲೆ ಒಣಗಿಸುತ್ತದೆ, ಯಾವುದು ತುಂಬ ಹೊತ್ತು ಸಮಾಧಾನ ಉಳಿಸುತ್ತದೆ ಅಂತ. ಮುಂದೆ ಆತ ಕಲಿಸಿದ ಎರಡು ಮಾತು ನಿನಗೆ ಉಪಯೋಗ ಆಗುತ್ತವೆ. ಮನಸ್ಸು ಕುಗ್ಗಿರುವಾಗ ಮೊದಲು ಮಾಡಿದ ನಿರ್ಧಾರ ಬದಲಿಸಬೇಡ. ಮತ್ತೆ, ನಿನ್ನದೇ ಪರಿಸ್ಥಿತಿಯಲ್ಲಿ ಗುರುತಿಲ್ಲದ ಒಬ್ಬರು ಬಂದು ಕೇಳಿದರೆ ಏನು ಹೇಳುತ್ತಿದ್ದೆ, ಅದನ್ನು ನೀನೇ ಮಾಡು. ನಾನು ಕಥೋಲಿಕಳಲ್ಲ, ಆದರೂ ಈ ಎರಡನೆಯದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಬಂದಿದ್ದೇನೆ.

ಪುಣೆಗೆ ಹೋದರೂ ಪಾಪವಲ್ಲ, ಇಲ್ಲೇ ಇದ್ದರೂ ಪುಣ್ಯವಲ್ಲ. ಎರಡೂ ಒಳ್ಳೆಯ ದಾರಿಗಳೇ ಆದಾಗ ಆರಿಸುವ ಕೆಲಸವನ್ನು ದೇವರು ನಿನಗೇ ಬಿಟ್ಟಿರಬಹುದು. ಬೈಬಲ್ ಮಾತ್ರ ಮಾರ್ಕನಿಂದ ಶುರುಮಾಡಿ ಸಾಲಾಗಿ ಓದು. ವಂಶಾವಳಿ ಬಂದರೆ ದಾಟಿಸಿ ಹೋಗು, ಯಾರೂ ಬೈಯುವುದಿಲ್ಲ.

ಪ್ರಶ್ನೆ: ನಮಸ್ಕಾರ ರೀ. ವಿಜಯಪುರದಿಂದ ಬರೆಯುತ್ತಿದ್ದೇನೆ. ಮಗನಿಗೆ 22 ವರ್ಷ. ಊಟ ಬೇಡ, ನಿದ್ದೆ ಇಲ್ಲ, ಬದುಕಿ ಏನು ಮಾಡಲಿ ಅನ್ನುತ್ತಾನೆ. ದವಾಖಾನೆಯಲ್ಲಿ ಡಿಪ್ರೆಷನ್ ಅಂದರು, ಗುಳಿಗೆ ಕೊಟ್ಟರು, ಸ್ವಲ್ಪ ಪರವಾಗಿಲ್ಲ. ಈಗ ಪ್ರಾರ್ಥನೆಗೆ ಬಂದವರು, ಇದು ದುರಾತ್ಮದ ಕಾಟ, ಗುಳಿಗೆ ನುಂಗಿದರೆ ವಿಶ್ವಾಸ ಇಲ್ಲ ಅಂತ ಅರ್ಥ, ನಿಲ್ಲಿಸಿ ಉಪವಾಸ ಮಾಡಿಸಿ ಅನ್ನುತ್ತಿದ್ದಾರೆ.

ಉತ್ತರ: ತಾಯಿ, ಗುಳಿಗೆ ನಿಲ್ಲಿಸಬೇಡಿ. ಇದೊಂದು ವಾಕ್ಯ ಓದಿ ಪತ್ರಿಕೆ ಮುಚ್ಚಿಟ್ಟರೂ ಸಾಕು. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮಗ ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಆಸ್ಪತ್ರೆ ಬೇಕು ಅಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರದ್ದೇ.

ಊಟ ಬೇಡ ಅನ್ನುವ ಹುಡುಗನಿಗೆ ಉಪವಾಸ ಮಾಡಿಸಿ ಅಂದವರಿಗೆ 1 ಅರಸುಗಳು 19ನೇ ಅಧ್ಯಾಯ ಓದಿಸಿ. ಪ್ರವಾದಿ ಎಲೀಯ ಸಣ್ಣ ಮನುಷ್ಯನಲ್ಲ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದವನು. ಅಂಥವನು ರಾಣಿ ಈಜೆಬೆಲಳ ಬೆದರಿಕೆ ಕೇಳಿ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅಂದ. ನಿಮ್ಮ ಮಗ ಅನ್ನುವ ಮಾತೇ ಅಲ್ವಾ ಇದು? ದೇವರು ಅವನನ್ನು ವಿಶ್ವಾಸ ಇಲ್ಲದವನೇ ಅಂತ ಗದರಲಿಲ್ಲ. ದುರಾತ್ಮ ಬಿಡಿಸಲೂ ಇಲ್ಲ. ದೂತ ಬಂದು ಮೈ ಮುಟ್ಟಿ ಎಬ್ಬಿಸಿ, ಏಳು, ಊಟ ಮಾಡು ಅಂದ. ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ಉಂಡ, ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ನಿದ್ದೆ ಮತ್ತು ರೊಟ್ಟಿ.

ಲೂಕನನ್ನು ಪೌಲ 'ಪ್ರಿಯ ವೈದ್ಯ' ಅಂತಲೇ ಕರೆಯುತ್ತಾನೆ, ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ. ಸುವಾರ್ತೆ ಬರೆದ ವೈದ್ಯನನ್ನು ಒಪ್ಪುವವರು ನಿಮ್ಮ ಮಗನ ವೈದ್ಯರನ್ನೂ ಒಪ್ಪಲಿ. ಪ್ರಾರ್ಥನೆ ಬೇಡ ಅಂದೆನಾ? ಇಲ್ಲ. ಗುಳಿಗೆ ಕೈಗೆ ಕೊಡುವಾಗಲೇ ಒಂದು ಸಣ್ಣ ಪ್ರಾರ್ಥನೆ ಮಾಡಿ. ಪ್ರಾರ್ಥನೆಗೆ ಬಂದವರಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ಮುಂದಿನ ಸಲ ಊಟದ ಡಬ್ಬಿ ತರಲಿ, ಹುಡುಗನ ಜೊತೆ ಸಂಜೆ ಗೋಳಗುಮ್ಮಟದ ಕಡೆ ಒಂದು ಸುತ್ತು ಹೋಗಿ ಬರಲಿ.

ಪ್ರಶ್ನೆ: ಅಕ್ಕಾ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಗೋಕಾಕ ತಾಲ್ಲೂಕು. ಹಂಗಾಮು ಶುರುವಾದರೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಪ್ರಾರ್ಥನೆಗೆ ಮೊಣಕಾಲೂರಿದರೆ ಹಾಗೇ ನಿದ್ದೆ ಹೋಗುತ್ತೇನೆ. ಸೈತಾನನ ಕೆಲಸವಾ ಇದು?

ಉತ್ತರ: ಇಲ್ಲಪ್ಪಾ, ಕಬ್ಬಿನ ಕೆಲಸ. ಮಲಗು. ಬಿರುಗಾಳಿಯಲ್ಲಿ ದೋಣಿ ಮುಳುಗುವಂತಿದ್ದಾಗಲೂ ಯೇಸು ತಲೆದಿಂಬಿನ ಮೇಲೆ ಮಲಗಿದ್ದ, ಮಾರ್ಕ 4. ಎದ್ದು ಚಹಾ ಕುಡಿದ ಮೇಲೆ ಪ್ರಾರ್ಥನೆ ಮಾಡು.

ಪ್ರಶ್ನೆ: ಅಕ್ಕಾವ್ರೇ, ಬಾಗಲಕೋಟೆ ನವನಗರದಿಂದ. ನಮ್ಮಪ್ಪ ತೀರಿಕೊಂಡ ಮೇಲೆ ಅವರ ಹೆಸರಲ್ಲಿದ್ದ ಹೊಲ ಮುಳುಗಡೆಗೆ ಹೋಯಿತು. ಪರಿಹಾರದ ದುಡ್ಡು ಬಂದಾಗ ಅಣ್ಣನೇ ಓಡಾಡಿದ್ದು, ನಾವೆಲ್ಲ ಅವನು ಹೇಳಿದ ಕಡೆ ಸಹಿ ಮಾಡಿದೆವು. ನನಗೆ ಅರ್ಧ ಬರಬೇಕಿತ್ತು, ಕೈಗೆ ಕೊಟ್ಟದ್ದು ಚೂರು. ಅಂದಿನಿಂದ ಮಾತಿಲ್ಲ. ಅವ್ವ ನನ್ನ ಹತ್ತಿರ ಇದ್ದಾಳೆ. ಅಕ್ಕನನ್ನು ಗದಗ ಕಡೆ ಕೊಟ್ಟಿದೆ. ಅಣ್ಣ ಮತ್ತು ನಾನು ಒಂದೇ ಚರ್ಚಿಗೆ ಹೋಗುತ್ತೇವೆ, ಒಂದೇ ಬಟ್ಟಲಿನಿಂದ ಕರ್ತನ ಭೋಜನ (ಆರಾಧನೆಯ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತೇವೆ, ಮುಖ ನೋಡುವುದಿಲ್ಲ. ಕ್ಷಮಿಸಬೇಕು ಅಂತ ಸಭಾಪಾಲಕರು ಹೇಳುತ್ತಾರೆ. ಕ್ಷಮಿಸಿದರೆ ಪಾಲು ಬಿಟ್ಟ ಹಾಗೆ ಅಲ್ವಾ?

ಉತ್ತರ: ಈ ಪತ್ರಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ಒಂದು ಮನೆಯ ಜಗಳ ಅಲ್ಲ. ಆಲಮಟ್ಟಿ ಅಣೆಕಟ್ಟನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವ ಮಾತು ನಡೆದಿದೆ. ನೀರು ಏರಿದರೆ ಪರಿಹಾರ ಬರುತ್ತದೆ, ಪರಿಹಾರ ಬಂದಲ್ಲಿ ಈ ಜಗಳವೂ ಬರುತ್ತದೆ.

ಮೊದಲು ಲೆಕ್ಕ. ಅರ್ಧ ಬರಬೇಕಿತ್ತು ಅಂತ ಬರೆದಿದ್ದೀರಿ. ಯಾವ ಲೆಕ್ಕದಲ್ಲಿ? ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮವಾಗಿ, ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ನಿಮ್ಮ ಮನೆಯ ದುಡ್ಡನ್ನು ಒಂಬತ್ತು ಪಾಲು ಮಾಡಿದರೆ ಅವ್ವನಿಗೆ ಮೂರು, ನಿಮಗೆ ಎರಡು, ಅಣ್ಣನಿಗೆ ಎರಡು, ಗದಗ ಕಡೆ ಕೊಟ್ಟ ಅಕ್ಕನಿಗೂ ಎರಡು. ಅಣ್ಣ ನಿಮ್ಮ ಪಾಲು ತಿಂದಿದ್ದಾನೆ ಅಂತ ನೀವು ಸಿಟ್ಟಾಗಿದ್ದೀರಿ, ಸರಿ. ನೀವು ಕೇಳುತ್ತಿರುವ ಅರ್ಧದೊಳಗೆ ಅವ್ವನ ಪಾಲೂ ಅಕ್ಕನ ಪಾಲೂ ಕೂತಿವೆ. ಅಕ್ಕ ಏನಾದರೂ ಪತ್ರ ಬರೆದರೆ ಅದರಲ್ಲಿ ಇಬ್ಬರು ತಮ್ಮಂದಿರ ಮೇಲೂ ದೂರು ಇರುತ್ತದೆ. ಬೇಜಾರಾಗಬಹುದು, ಆದರೂ ಹೇಳಲೇಬೇಕಾಗಿತ್ತು.

ಯೇಸುವಿನ ಹತ್ತಿರವೂ ಇಂಥ ಒಬ್ಬ ಬಂದಿದ್ದ, ಲೂಕ 12ನೇ ಅಧ್ಯಾಯ. ಬೋಧಕನೇ, ನನ್ನ ಅಣ್ಣನಿಗೆ ಪಾಲು ಕೊಡಲು ಹೇಳು ಅಂದ. ಬಡವರ ಪರ ಅಷ್ಟು ಮಾತಾಡಿದ ಯೇಸು ಇಲ್ಲಿ ಮಾತ್ರ, ನಿಮಗೆ ಪಾಲು ಹಂಚಿಕೊಡಲು ನನ್ನನ್ನು ಯಾರು ನೇಮಿಸಿದರು ಅಂತ ಕೇಳಿಬಿಟ್ಟ. ಆಮೇಲೆ ಲೋಭದ ಬಗ್ಗೆ ಎಚ್ಚರ ಹೇಳಿದ, ಇಬ್ಬರಿಗೂ ಸೇರಿಸಿ. ಕೇಳಿದವನ ಹಕ್ಕು ಸುಳ್ಳು ಅಂತ ಆತ ಅನ್ನಲಿಲ್ಲ, ಅದನ್ನೂ ಗಮನಿಸಿ.

ಈಗ ನಿಮ್ಮ ಪ್ರಶ್ನೆ. ಕ್ಷಮೆ ಅಂದರೆ ಹಕ್ಕು ಬಿಡುವುದಲ್ಲ. ಅಣ್ಣ ಹಾಳಾಗಲಿ ಅನ್ನುವ ಆಸೆ ಬಿಡುವುದು. ಎರಡೂ ಬೇರೆ ಬೇರೆ. ಮತ್ತಾಯ 18:15ರಲ್ಲಿ ಅದಕ್ಕೊಂದು ದಾರಿ ಇದೆ. ಮೊದಲು ನೀನೊಬ್ಬನೇ ಹೋಗಿ ಅವನಿಗೆ ತಪ್ಪು ತೋರಿಸು. ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮಾಡುವುದು ಪೂರ್ತಿ ತಿರುಗಾಮುರುಗ. ಮೊದಲು ಇಡೀ ಚರ್ಚಿಗೆ ಗೊತ್ತು, ಆಮೇಲೆ ಸಂಬಂಧಿಕರಿಗೆ, ಕೊನೆಗೂ ಅಣ್ಣನ ಎದುರು ಮಾತ್ರ ಬಾಯಿ ಬರುವುದಿಲ್ಲ. ನೀವು ಹೋಗಿಲ್ಲ ಅಂತಲೇ ನನ್ನ ಅಂದಾಜು, ಹೋಗಿದ್ದರೆ ಬರೆಯುತ್ತಿದ್ದಿರಿ.

ಹೋಗುವಾಗ ಪರಿಹಾರದ ಕಾಗದದ ನಕಲು ಇರಲಿ. ಹಬ್ಬದ ದಿನ ಬೇಡ, ಕುಡಿದವರು ಯಾರೂ ಇರಬಾರದು, ಹೆಂಡತಿಯರ ಸುದ್ದಿ ಎತ್ತಬೇಡಿ. ಅರ್ಧ ಅನ್ನಬೇಡಿ, ಒಂಬತ್ತರ ಲೆಕ್ಕ ಹೇಳಿ. ಅವ್ವನ ಪಾಲು, ಅಕ್ಕನ ಪಾಲು ಮೊದಲು ಕೇಳಿ, ನಿಮ್ಮದು ಆಮೇಲೆ. ಸ್ವಂತಕ್ಕೆ ಬಂದವನಲ್ಲ ಅಂತ ಕಂಡರೆ ಅಣ್ಣನ ದನಿಯೂ ಬದಲಾಗಬಹುದು. ಅವನು ಕಚೇರಿಗೆ ಓಡಾಡಿದ್ದಕ್ಕೆ, ಕೈಯಿಂದ ಖರ್ಚು ಮಾಡಿದ್ದಕ್ಕೆ ಒಂದು ಲೆಕ್ಕ ಇದ್ದರೆ ಅದನ್ನೂ ಕೇಳಿಸಿಕೊಳ್ಳಿ. ಮುಳುಗಡೆ ಕೆಲಸಕ್ಕೆ ಓಡಾಡಿದವರ ಚಪ್ಪಲಿ ಎಷ್ಟು ಸವೆದಿವೆ ಅಂತ ಬಾಗಲಕೋಟೆಯವರಿಗೆ ನಾನು ಹೇಳಬೇಕಾಗಿಲ್ಲ.

ಕೊಡುವುದೇ ಇಲ್ಲ ಅಂದರೆ? ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಅದೂ ಆಗದಿದ್ದರೆ ಲೋಕ ಅದಾಲತ್ ಇದೆ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಪೌಲ 1 ಕೊರಿಂಥ 6ರಲ್ಲಿ ಟೀಕಿಸುತ್ತಾನೆ, ಅನ್ಯಾಯವನ್ನೇ ಯಾಕೆ ಸಹಿಸಬಾರದು ಅಂತಲೂ ಕೇಳುತ್ತಾನೆ. ಆ ಮಾತು ನನಗೂ ನುಂಗಲು ಕಷ್ಟ. ನಿಮ್ಮ ಪಾಲನ್ನು ನೀವು ಬಿಡುವುದಾದರೆ ಬಿಡಿ, ಅದು ನಿಮ್ಮಿಷ್ಟ. ಅವ್ವನ ಪಾಲು ಬಿಡಲು ನಿಮಗೆ ಅಧಿಕಾರ ಇಲ್ಲ, ಅಕ್ಕನದ್ದಂತೂ ಇಲ್ಲವೇ ಇಲ್ಲ. ಕರ್ತನ ಭೋಜನದ ವಿಷಯ: ಮತ್ತಾಯ 5:23 ಹೇಳುವುದು ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ. ಬಟ್ಟಲು ಮುಟ್ಟಬೇಡಿ ಅಂತ ನಾನು ಹೇಳುವುದಿಲ್ಲ, ಮುಂದಿನ ಭೋಜನದ ಭಾನುವಾರಕ್ಕೆ ಮೊದಲು ಅಣ್ಣನ ಮನೆಗೆ ಹೋಗಿ ಬನ್ನಿ ಅಂತ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ಅಥಣಿ ಕಡೆಯವಳು. ಪ್ರೀತಿಸಿ ಮದುವೆಯಾದೆ, ಗಂಡನ ಮನೆಯವರು ಲಿಂಗಾಯತರು. ಒಳ್ಳೆಯ ಜನ. ನಾನು ಮನೆಯಲ್ಲಿ ಬೈಬಲ್ ಓದಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಜಾತ್ರೆಗೆ ಅತ್ತೆಯ ಜೊತೆ ಹೋಗಬೇಕು, ಅವರಿಗೆ ಮೊಣಕಾಲು ನೋವು, ಕೈ ಹಿಡಿದು ಮೆಟ್ಟಿಲು ಹತ್ತಿಸಬೇಕು. ನಮ್ಮ ತವರಿನ ಸಭೆಯವರು, ಗುಡಿಯೊಳಗೆ ಕಾಲಿಟ್ಟರೆ ದೇವರನ್ನು ಬಿಟ್ಟ ಹಾಗೆ ಅನ್ನುತ್ತಾರೆ.

ಉತ್ತರ: ತಂಗೀ, ನಿನ್ನಂಥವನೇ ಒಬ್ಬ ಬೈಬಲ್‌ನಲ್ಲಿ ಇದ್ದಾನೆ. ನಾಮಾನ, ಅರಾಮ್ ದೇಶದ ಸೇನಾಪತಿ, ಕುಷ್ಠ ವಾಸಿಯಾದವನು. ಅವನ ಕಥೆಯನ್ನು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿದ್ದಕ್ಕೆ ನಿಲ್ಲಿಸಿಬಿಡುತ್ತಾರೆ, ಮುಂದೆ ಹೇಳುವುದಿಲ್ಲ. 2 ಅರಸುಗಳು 5:18 ನೋಡು. ಇನ್ನು ಮುಂದೆ ಕರ್ತನನ್ನೇ ಆರಾಧಿಸುತ್ತೇನೆ ಅಂತ ಹೇಳಿ ಅವನು ಒಂದು ಮಾತು ಕೇಳುತ್ತಾನೆ. ನನ್ನ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈಗೆ ಆತುಕೊಳ್ಳುತ್ತಾನೆ, ಅವನ ಜೊತೆ ನಾನೂ ಬಾಗಬೇಕಾಗುತ್ತದೆ, ಈ ಒಂದನ್ನು ಕರ್ತನು ಕ್ಷಮಿಸಲಿ ಅಂತ. ಎಲೀಷ ಅವನಿಗೆ ಭಾಷಣ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ.

ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸು. ಒಳಗೆ ನೀನು ಕೈಮುಗಿಯಬೇಕೋ ಬೇಡವೋ ಅನ್ನುವುದು ನಿನ್ನ ಮನಸ್ಸಾಕ್ಷಿಗೆ ಬಿಟ್ಟದ್ದು. ಮುಗಿಯಲಾರೆ ಅನ್ನಿಸಿದರೆ ಅತ್ತೆಗೆ ಮನೆಯಲ್ಲೇ, ಜಾತ್ರೆಗೆ ನಾಲ್ಕು ದಿನ ಮೊದಲೇ ಮೆಲ್ಲಗೆ ಹೇಳು, ನಾನು ನಿಮ್ಮನ್ನು ಕರೆದುಕೊಂಡು ಬರುತ್ತೇನೆ, ಪೂಜೆ ಮಾಡುವುದಿಲ್ಲ, ತಪ್ಪು ತಿಳಿಯಬೇಡಿ ಅಂತ. ಗುಡಿಯ ಬಾಗಿಲಲ್ಲಿ ನಾಲ್ಕು ಜನರ ಎದುರು ಹೇಳಿದರೆ ಅದು ಅವರಿಗೆ ಅವಮಾನ. ನಿನ್ನ ನಂಬಿಕೆಯನ್ನು ಅವರು ಸಹಿಸಿಕೊಂಡಿದ್ದಾರೆ, ಅವರ ನಂಬಿಕೆಗೆ ನೀನು ಮುಖ ಸಿಂಡರಿಸಬೇಡ. ತವರಿನ ಸಭೆಯವರು ಮತ್ತೆ ಕೇಳಿದರೆ ಅತ್ತೆಯ ಮೊಣಕಾಲಿಗೆ ಪ್ರಾರ್ಥನೆ ಮಾಡಿ ಅಂತ ಹೇಳು, ಒಳ್ಳೆಯ ಎಲುಬಿನ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಅದನ್ನೂ ಕೇಳು.